ನೆನಪಿಲ್ಲದ ಕಡೆ ಬರುವ ಮುಖ

ಆ ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಠಾಣೆಯ ಗೇಟಿನಲ್ಲಿ ನಿಂತ ಪಹರೆಯವನಿಗೆ ತನ್ನ ಬೂಟು ಕಾಣುತ್ತಿತ್ತೇ ಹೊರತು ರಸ್ತೆ ಕಾಣುತ್ತಿರಲಿಲ್ಲ. ಎದುರಿನ ದೀಪದ ಕಂಬ ಯಾರೋ ನಿಂತ ಹಾಗಿತ್ತು. ನಿಂತವರು ಕಂಬದ ಹಾಗಿದ್ದರು. ದೇವರು ಮನುಷ್ಯರ ಮುಖಗಳನ್ನೆಲ್ಲ ಒಮ್ಮೆ ಒರೆಸಿ, ಹೊಸದಾಗಿ ಬರೆಯೋಣವೆಂದು ಕೂತಿದ್ದಾನೋ ಏನೋ ಎನ್ನಿಸುವ ಬೆಳಗು ಅದು. ಎಂಟು ಗಂಟೆ ನಲವತ್ತು ನಿಮಿಷಕ್ಕೆ ಆ ಮಂಜಿನೊಳಗಿಂದ ಒಬ್ಬಾತ ಸೈಕಲ್ ತಳ್ಳಿಕೊಂಡು ಬಂದ.

"ಯಾರದು?" ಎಂದ ಪಹರೆಯವನು.

"ನಾನೇ ಸ್ವಾಮಿ. ನೀವೆಲ್ಲಾ ಸೇರಿ ಮೂರು ಸಲ ಹಿಡ್ಕೊಂಡು ಹೋದ್ರಲ್ಲ, ಅವನು."

ಇನ್‌ಸ್ಪೆಕ್ಟರ್ ಆಗಷ್ಟೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಒಳಗೆ ಬಂದವನನ್ನು ನೋಡಿದ ಕೂಡಲೇ ಗುರುತು ಹತ್ತಿತು. ಮಾರ್ಕೆಟ್ ರಸ್ತೆಯ ವಾಚು ರಿಪೇರಿಯವನು. ಮೂರು ತಿಂಗಳ ಹಿಂದೆ ಒಂದು ಮನೆಗಳ್ಳತನದ ಪ್ರಕರಣದಲ್ಲಿ ಅವನನ್ನು ಹಿಡಿದು ತರಿಸಿ, ಹೊರಗಿನ ಬೆಂಚಿನ ಮೇಲೆ ಒಂಬತ್ತು ಗಂಟೆ ಕೂರಿಸಿದವಳು ಅವಳೇ. ಕೊನೆಗೆ, ಕಳ್ಳತನ ನಡೆದ ಹೊತ್ತಿಗೆ ಅವನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದನೆಂದು ಗೊತ್ತಾಗಿ ಬಿಟ್ಟು ಕಳಿಸಿದ್ದಳು. ಕ್ಷಮಿಸಿ ಎಂದಿರಲಿಲ್ಲ. ಠಾಣೆಯಲ್ಲಿ ಆ ಮಾತಿನ ರೂಢಿ ಇಲ್ಲ.

ಐವತ್ತೆರಡರ ಆಸುಪಾಸಿನ ಮನುಷ್ಯ. ಅಗಲ ಗದ್ದ. ಮೂವತ್ತು ವರ್ಷ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು, ಆ ಕಣ್ಣಿನ ಕೆಳಗೆ ಅರ್ಧ ಚಂದ್ರನ ಹಾಗೆ ಒಂದು ಮಡಿಕೆ ಬಿದ್ದು ಅಲ್ಲೇ ನಿಂತುಬಿಟ್ಟಿತ್ತು.

"ಏನು ವಿಷಯ?"

ಅವನು ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. "ದೂರು ಮೇಡಂ. ನನ್ನ ಮುಖದ ಮೇಲೇ ದೂರು. ಒಂದೋ ನನ್ನ ಕಳ್ಳ ಅಂತ ಒಳಗೆ ಹಾಕಿ. ಇಲ್ಲಾ, ಇವನು ಕಳ್ಳ ಅಲ್ಲ ಅಂತ ಬರೆದು ಸೀಲು ಹೊಡೆದು ಕೊಡಿ. ಕುತ್ತಿಗೆಗೆ ನೇತು ಹಾಕ್ಕೊಂಡು ಓಡಾಡ್ತೀನಿ."

ಪಕ್ಕದ ಮೇಜಿನಲ್ಲಿದ್ದ ದಫೇದಾರ, ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿದ್ದ ಹಿರಿಯ ಹೆಡ್ ಕಾನ್‌ಸ್ಟೇಬಲ್, ನಗು ತಡೆಯಲಾರದೆ ಕೆಮ್ಮಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಹಾಳೆ ಓದಿದಳು. ಮೊದಲ ಸಲ ಈ ಠಾಣೆ. ಎರಡನೆಯ ಸಲ ರೈಲ್ವೆ ಠಾಣೆ. ಮೂರನೆಯದು ನದಿಯಾಚೆಯ ಠಾಣೆ: ಅಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರನ್ನು ತಳ್ಳಿ ಬೀಳಿಸಿ ಯಾರೋ ಸರ ಕಿತ್ತುಕೊಂಡಿದ್ದ, ಅವರ ಸೊಂಟ ಮುರಿದಿತ್ತು. ಮೂರು ಕಡೆಯೂ ಸಾಕ್ಷಿಗಳ ಮಾತು ಕೇಳಿ ಇಲಾಖೆಯ ಹೊಸ ಯಂತ್ರ ಬರೆದುಕೊಟ್ಟ ಚಿತ್ರ ಇವನದೇ.

"ಗುರುವಾರ ಹನ್ನೊಂದು ಗಂಟೆಗೆ ಗುರುತು ಪರೇಡು," ಎಂದ ಅವನು. "ಆ ಟೀಚರಮ್ಮಂಗೆ ಎರಡು ವಾರದಿಂದ ಯಂತ್ರದ ಚಿತ್ರ ತೋರಿಸಿ ತೋರಿಸಿ, ಈಗ ಅವರಿಗೆ ಕಣ್ಣು ಮುಚ್ಚಿದ್ರೂ ನಾನೇ ಕಾಣ್ತೀನಂತೆ. ಸಾಲಿನಲ್ಲಿ ನಿಂತ್ರೆ ನನ್ನೇ ತೋರಿಸ್ತಾರೆ. ಆ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ. ಸಲ ಸಲಕ್ಕೂ ಹಲ್ಲುನೋವು ಬರುತ್ತಾ ಮೇಡಂ?"

"ನಿಮ್ಮ ಮೇಲೆ ಯಾರಿಗಾದ್ರೂ ಹಗೆ ಇದೆಯಾ?"

ಅವನು ಉತ್ತರಿಸುವ ಮೊದಲು ಒಂದು ಕ್ಷಣ ಕಿಟಕಿಯ ಕಡೆ ನೋಡಿದ. ಅಲ್ಲಿ ಮಂಜಲ್ಲದೆ ಏನೂ ಇರಲಿಲ್ಲ.

"ಇಲ್ಲ."

ಆ ಒಂದು ಕ್ಷಣವನ್ನು ಇನ್‌ಸ್ಪೆಕ್ಟರ್ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

*

ಆ ಯಂತ್ರಕ್ಕೆ ಇಲಾಖೆ ಇಟ್ಟ ಹೆಸರು ಉದ್ದವಾಗಿತ್ತು. ಯಾರ ನಾಲಿಗೆಗೂ ಹತ್ತಲಿಲ್ಲ. ಠಾಣೆಯಲ್ಲಿ ಅದನ್ನು 'ಹೊಸ ಮೇಷ್ಟ್ರು' ಎನ್ನುತ್ತಿದ್ದರು. ಹಾಗಾದರೆ ಹಳೆ ಮೇಷ್ಟ್ರು ಯಾರೆಂದರೆ, ಮೂವತ್ತೊಂದು ವರ್ಷ ಇಲಾಖೆಯ ಚಿತ್ರಗಾರರಾಗಿದ್ದವರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಸಾಕ್ಷಿಯನ್ನು ಮಾತಾಡಿಸುವುದು ಹೇಗೆಂದು ಹೇಳಿಕೊಟ್ಟವರು. 'ಮೂಗು ಹೇಗಿತ್ತು ಅಂತ ಕೇಳಬೇಡಮ್ಮ. ನೋಡಿದ್ರೆ ಯಾರ ನೆನಪಾಯ್ತು ಅಂತ ಕೇಳು' ಎಂದು ಇನ್‌ಸ್ಪೆಕ್ಟರಿಗೂ ಅವರೇ ಕಲಿಸಿದ್ದರು. ಹದಿನಾಲ್ಕು ತಿಂಗಳ ಹಿಂದೆ, ಕೈ ನಡುಗುತ್ತದೆಂದು, ಹಾರ ಹಾಕಿ ಕಳಿಸಿಕೊಟ್ಟಾಗಿತ್ತು.

ಹೊಸ ಮೇಷ್ಟ್ರನ್ನು ನಡೆಸುತ್ತಿದ್ದವಳು ಒಬ್ಬ ಮಹಿಳಾ ಕಾನ್‌ಸ್ಟೇಬಲ್, ಎರಡು ಮಕ್ಕಳ ತಾಯಿ. ದಫೇದಾರ ಅವಳನ್ನು ಕಂಪ್ಯೂಟರಮ್ಮ ಎಂದೇ ಕರೆಯುತ್ತಿದ್ದ.

ಹತ್ತೂವರೆಗೆ ಇನ್‌ಸ್ಪೆಕ್ಟರ್ ಮೂರು ಚಿತ್ರಗಳನ್ನೂ ಮೂರು ಸಾಕ್ಷಿಗಳ ಹೇಳಿಕೆಗಳನ್ನೂ ಪಕ್ಕಪಕ್ಕದಲ್ಲಿ ಹರಡಿದಳು. ಚಿತ್ರಗಳು ಜೀವಂತವಾಗಿದ್ದವು, ಈಗ ಮಾತಾಡುತ್ತವೆಯೇನೋ ಎಂಬಂತೆ. ಮೂರರಲ್ಲೂ ಬಲಗಣ್ಣಿನ ಕೆಳಗೆ ಅರ್ಧ ಚಂದ್ರದ ಮಡಿಕೆ. ಆದರೆ ಮೂರು ಹೇಳಿಕೆಗಳಲ್ಲಿ ಎಲ್ಲಿ ಹುಡುಕಿದರೂ ಮಡಿಕೆಯ ಮಾತಿಲ್ಲ.

"ಇದನ್ನ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಮೇಡಂ," ಎಂದಳು ಕಂಪ್ಯೂಟರಮ್ಮ. "ಸಾಕ್ಷಿ ಹೇಳದೆ ಬಿಟ್ಟ ಜಾಗಾನ ಅದೇ ತುಂಬ್ಕೊಳ್ಳುತ್ತೆ."

"ಎಲ್ಲಿಂದ ತಂದು ತುಂಬುತ್ತೆ?"

ಕಂಪ್ಯೂಟರಮ್ಮ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು.

"ಹಾಗಾದ್ರೆ ಹೀಗೆ ಬರಿ. ಗಂಡಸು, ಐವತ್ತು ವರ್ಷ, ಸರಿಯಾಗಿ ನೆನಪಿಲ್ಲ. ಅಷ್ಟೇ."

ಹೊಸ ಮೇಷ್ಟ್ರು ಹನ್ನೊಂದು ಸೆಕೆಂಡು ತೆಗೆದುಕೊಂಡರು. ಪರದೆಯ ಮೇಲೆ ವಾಚು ರಿಪೇರಿಯವನು ಮೂಡಿದ.

"ತಡಿ ತಡಿ," ಎಂದು ದಫೇದಾರ ಕುರ್ಚಿ ಎಳೆದುಕೊಂಡ. "ನಮ್ಮ ಭಾವನ್ನ ಹೇಳ್ತೀನಿ, ಬರ್ಕೋ. ದಪ್ಪ ಮೀಸೆ, ಮೊಂಡು ಮೂಗು. ಉಳಿದದ್ದು ನೆನಪಿಲ್ಲ ಅಂತ ಹಾಕು. ನೆನಪಿಟ್ಕೊಳ್ಳೋ ಅಂಥದ್ದೇನಿಲ್ಲ ಅವನಲ್ಲಿ."

ದಪ್ಪ ಮೀಸೆ, ಮೊಂಡು ಮೂಗಿನ ವಾಚು ರಿಪೇರಿಯವನು ಬಂದ. ದಫೇದಾರನ ನಗು ಅರ್ಧಕ್ಕೆ ನಿಂತಿತು. ಮೂವರೂ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಆ ಮುಖವೂ ಅವರನ್ನು ನೋಡುತ್ತಿತ್ತು.

ಮೇಲಧಿಕಾರಿಗೆ ಫೋನು ಮಾಡಿದಾಗ ಅವರು ಬೇಸರದಿಂದ ಹೇಳಿದರು: "ಯಂತ್ರಕ್ಕೆ ಯಾರ ಮೇಲೆ ಏನಮ್ಮ ಹಗೆ? ಅದಕ್ಕೇನು ಜಾತಿಯೇ, ನೆಂಟರೇ? ಮೂರು ಠಾಣೆಗೂ ಒಬ್ಬನೇ ಬಂದ ಅಂದ್ರೆ ಅವನೇ ಮಾಡಿರಬೇಕು ಅಂತ ಯಾಕೆ ಯೋಚಿಸಲ್ಲ ನೀನು?"

ಅವಳು ಹಾಗೂ ಯೋಚಿಸಿದ್ದಳು. ಹಲ್ಲಿನ ಡಾಕ್ಟರು ಸುಳ್ಳು ಹೇಳಿರಬಹುದು. ಕಿಟಕಿಯ ಕಡೆ ನೋಡಿದ ಆ ಒಂದು ಕ್ಷಣ ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಯಂತ್ರ ಕೊಟ್ಟ ಕಂಪನಿಯವನು ಮಧ್ಯಾಹ್ನ ಫೋನಿಗೆ ಸಿಕ್ಕ. "ನಾವು ಹೊರಗಿನ ಚಿತ್ರ ಯಾವುದೂ ಹಾಕಿಲ್ಲ ಮೇಡಂ. ನಿಮ್ಮ ಇಲಾಖೆಯದೇ ನಾಲ್ಕು ಸಾವಿರದ ನೂರು ಹಾಳೆ, ಜೊತೆಗೆ ಸಾಕ್ಷಿ ಹೇಳಿಕೆಗಳು. ಅದನ್ನ ನೋಡಿ ನೋಡಿಯೇ ಕಲಿತಿರೋದು."

"ಹಾಳೆಗಳನ್ನ ನಿಮಗೆ ಕೊಟ್ಟವರು ಯಾರು?"

"ನಿಮ್ಮ ಚಿತ್ರಗಾರರು. ಹತ್ತಿರ ಹತ್ತಿರ ಒಂದು ವರ್ಷ ಕೂತು ವಿಂಗಡಿಸಿ, ಕಟ್ಟು ಕಟ್ಟಿ ಕೊಟ್ರು. ಅಷ್ಟು ಶಿಸ್ತು ನಾವು ಎಲ್ಲೂ ನೋಡಿಲ್ಲ."

*

ಮಂಗಳವಾರ ಒಂಬತ್ತೂ ಕಾಲಿಗೆ ದಾಖಲೆ ಕೋಣೆಯ ಬೀಗ ತೆಗೆಸಿದರು. ಮಹಜರಿನ ಸಾಕ್ಷಿಗಳಾದ ಪಂಚರಾಗಿ ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಒಬ್ಬ ನಿವೃತ್ತ ಅಂಚೆ ಗುಮಾಸ್ತರನ್ನೂ ಕರೆಸಲಾಗಿತ್ತು. ಕಬ್ಬಿಣದ ಕಪಾಟಿನಿಂದ ಕಟ್ಟುಗಳು ಇಳಿದವು. ಒಂದೊಂದು ಹಾಳೆಯಲ್ಲೂ ಒಂದೊಂದು ಪೆನ್ಸಿಲ್ ಮುಖ; ಗದ್ದದ ಕೆಳಗೆ ಸಾಕ್ಷಿಯ ಸಹಿ, ಶಾಯಿಯಲ್ಲಿ. ಅದು ಹಳೆ ಮೇಷ್ಟ್ರೇ ತಂದ ಪದ್ಧತಿ: ಚಿತ್ರ ಮುಗಿದ ಮೇಲೆ, 'ನಾನು ಕಂಡದ್ದು ಹೀಗೇ ಇತ್ತು' ಎಂದು ಸಾಕ್ಷಿ ಸಹಿ ಹಾಕಬೇಕು. ಸಹಿಯಾದ ಮೇಲೆ ಒಂದು ಜೆರಾಕ್ಸ್ ಪ್ರಕರಣದ ಕಡತಕ್ಕೆ. ಮೂಲ ಹಾಳೆ ಈ ಕಪಾಟಿಗೆ.

ಅವರು ಕಡತದ ಪ್ರತಿಯನ್ನೂ ಮೂಲವನ್ನೂ ಒಂದೊಂದಾಗಿ ಹೋಲಿಸುತ್ತ ಹೋದರು. ಮೊದಲ ನಲವತ್ತು ಹಾಳೆ ಅಚ್ಚು ಒತ್ತಿದಂತೆ ಹೊಂದಿದವು. ನಲವತ್ತೊಂದನೆಯದು ಹೊಂದಲಿಲ್ಲ. ಕಡತದ ಪ್ರತಿಯಲ್ಲಿ ಸಣಕಲು ಗದ್ದ. ಮೂಲದಲ್ಲಿ ಅಗಲ ಗದ್ದ. ಪ್ರತಿಯಲ್ಲಿ ಕಣ್ಣಿನ ಕೆಳಗೆ ಬಯಲು. ಮೂಲದಲ್ಲಿ ಅರ್ಧ ಚಂದ್ರ.

"ಪ್ರತಿ ತಪ್ಪಾಗಿ ಬಂದಿರಬಹುದೋ?" ಎಂದರು ಅಂಚೆ ಗುಮಾಸ್ತರು.

ಜೆರಾಕ್ಸ್ ಅಂಗಡಿಯವನಿಗೆ ಅವಮಾನವಾಯಿತು. "ನಮ್ಮ ಮಿಷನ್ನು ಪಕ್ಕದಲ್ಲೊಂದು ಕರೀ ಗೆರೆ ಎಳೆಯುತ್ತೆ ಸಾರ್, ಒಪ್ಕೋತೀನಿ. ಗದ್ದ ತೆಳ್ಳಗೆ ಮಾಡಲ್ಲ."

ಇನ್‌ಸ್ಪೆಕ್ಟರ್ ಬೆರಳಚ್ಚು ವಿಭಾಗದಿಂದ ಭೂತಗನ್ನಡಿ ತರಿಸಿದಳು. ಅಗಲಗೊಂಡ ಗದ್ದದ ಗೆರೆ ಕೆಳಗಿಳಿದು ಸಾಕ್ಷಿಯ ಸಹಿಯನ್ನು ಹಾದುಹೋಗಿತ್ತು. ಪೆನ್ಸಿಲ್ ಗೆರೆ ಶಾಯಿಯ ಮೇಲಿತ್ತು. ಸಹಿ ಬಿದ್ದ ಮೇಲೆ ಎಳೆದ ಗೆರೆ.

ಇನ್ನೂರು ಹಾಳೆ ನೋಡಿದರು. ಐವತ್ತಮೂರರಲ್ಲಿ ತಿದ್ದುಪಡಿ. ಆ ಐವತ್ತಮೂರರ ಹೇಳಿಕೆಗಳನ್ನು ಇನ್‌ಸ್ಪೆಕ್ಟರ್ ತೆಗೆಸಿದಳು. ಪ್ರತಿಯೊಂದರಲ್ಲೂ ಸಾಕ್ಷಿ ಒಂದಲ್ಲ ಒಂದು ಕಡೆ, 'ಸರಿಯಾಗಿ ನೆನಪಿಲ್ಲ' ಎಂದಿದ್ದರು. ನೆನಪು ಗಟ್ಟಿಯಿದ್ದ ಚಿತ್ರಗಳನ್ನು ಯಾರೂ ಮುಟ್ಟಿರಲಿಲ್ಲ. ನೆನಪಿಲ್ಲ ಎಂದ ಕಡೆಯಲ್ಲೆಲ್ಲ ಒಂದೇ ಮುಖವನ್ನು ತಾಳ್ಮೆಯಿಂದ, ಹಾಳೆಯಿಂದ ಹಾಳೆಗೆ, ಬಿತ್ತಲಾಗಿತ್ತು. ಯಂತ್ರ ಶ್ರದ್ಧೆಯಿಂದ ಕಲಿತಿತ್ತು, ಅಷ್ಟೇ.

"ಮೇಷ್ಟ್ರಾ ಮೇಡಂ?" ಎಂದ ದಫೇದಾರ. ಅವನ ದನಿ ಇಳಿದಿತ್ತು. "ನನ್ನ ಮದುವೆಯಲ್ಲಿ ಮಂಟಪಕ್ಕೆ ಬಣ್ಣ ಬರೆದವರು ಅವರು."

ಮಧ್ಯಾಹ್ನ ಒಂದೂ ಕಾಲಿಗೆ, ಸರ್ಕಾರಿ ದಾಖಲೆ ತಿದ್ದಿ ಸುಳ್ಳು ಸಾಕ್ಷ್ಯ ಹುಟ್ಟಿಸಿದ್ದಕ್ಕಾಗಿ ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಸಹಿ ಬೀಳುತ್ತಿದ್ದಾಗ ಕಂಪ್ಯೂಟರಮ್ಮ ಇನ್ನೊಂದು ಹಾಳೆ ಎತ್ತಿ ಹಿಡಿದಳು. ಹಳೆಯದು, ಅಂಚು ಹಳದಿ ತಿರುಗಿದ್ದು. ಅದರಲ್ಲೂ ಅದೇ ಮುಖ.

"ಇದು ಬೇರೆ ಥರ ಇದೆ ಮೇಡಂ."

ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು ನೋಡಿದಳು. ಇದೊಂದರಲ್ಲಿ ಶಾಯಿ ಪೆನ್ಸಿಲಿನ ಮೇಲಿತ್ತು. ಯಾರೂ ತಿದ್ದದ, ಸಾಕ್ಷಿ ಒಪ್ಪಿ ಸಹಿ ಹಾಕಿದ ಚಿತ್ರ. ಹನ್ನೊಂದು ವರ್ಷದ ಹಿಂದಿನದು. ಆ ಮುಖ ಹುಟ್ಟಿದ್ದು ಇಲ್ಲಿ.

ಕಡತ ತೆಗೆದಾಗ ದಫೇದಾರ ತಲೆಯ ಮೇಲೆ ಕೈಯಿಟ್ಟುಕೊಂಡ. ಮಾರ್ಕೆಟ್ ರಸ್ತೆ, ಸಂಜೆ ಐದೂವರೆ, ವಾಹನ ಡಿಕ್ಕಿ. ಮೃತಳು ಹತ್ತೊಂಬತ್ತು ವರ್ಷದ ಹುಡುಗಿ. ತಂದೆಯ ಉದ್ಯೋಗ: ಪೊಲೀಸ್ ಇಲಾಖೆಯ ಚಿತ್ರಗಾರ. ಸಾಕ್ಷಿ ಲಾಂಡ್ರಿ ಅಂಗಡಿಯ ಹೆಂಗಸು. ಅಂದು ಸಂಜೆಯೇ ಆಕೆಯ ಮುಂದೆ ಕೂತು ಚಿತ್ರ ಬರೆದವರು ಆ ತಂದೆಯೇ.

"ಬರೆಯೋಕೆ ಅವರನ್ನ ಹೇಗೆ ಬಿಟ್ರಿ?"

"ಇಲಾಖೆಯಲ್ಲಿ ಬೇರೆ ಯಾರಿದ್ರು ಮೇಡಂ? ಬೇಡ ಅಂದ್ವಿ. ಪೆನ್ಸಿಲ್ ಕೆತ್ತಿಕೊಂಡು ಬಂದು ಕೂತೇಬಿಟ್ರು. ಕಣ್ಣಲ್ಲಿ ಒಂದು ಹನಿ ಇಲ್ಲ."

ಚಿತ್ರ ನೋಡಿ ಆಗ ಹಿಡಿದದ್ದು ವಾಚು ರಿಪೇರಿಯವನನ್ನೇ. ಅವನ ಬಳಿ ಸೈಕಲ್ ಬಿಟ್ಟರೆ ಬೇರೆ ವಾಹನವಿಲ್ಲ, ಓಡಿಸಲೂ ಬರುವುದಿಲ್ಲ ಎಂದು ಬಿಟ್ಟು ಕಳಿಸಿದ್ದರು. ಡಿಕ್ಕಿ ಹೊಡೆದವನು ಪತ್ತೆಯಾಗಲಿಲ್ಲ; ಪ್ರಕರಣ ಮುಚ್ಚಿತ್ತು. ಕಡತದ ಕೊನೆಯಲ್ಲಿ ತಂದೆಯ ಕೈಬರಹದ ಒಂದು ಅರ್ಜಿ: 'ನನ್ನ ಮಗಳ ಕೈಯಲ್ಲಿದ್ದ, ಅವಳ ತಾಯಿಯ ವಾಚು ಕಾಣೆಯಾಗಿದೆ. ಅದು ಯಾರ ಬಳಿ ಸಿಗುತ್ತದೋ ಅವನೇ ನನ್ನ ಮಗಳನ್ನು ಕೊಂದವನು.'

ಹಗೆ ಇಲ್ಲ ಎನ್ನುವ ಮೊದಲು ಕಿಟಕಿಯ ಕಡೆ ನೋಡಿದವನ ನೆನಪಾಯಿತು ಇನ್‌ಸ್ಪೆಕ್ಟರಿಗೆ. ಇಷ್ಟು ದೊಡ್ಡ ವಿಷಯವನ್ನು ಅವನು ಯಾಕೆ ಬಾಯಿಬಿಡಲಿಲ್ಲ?

*

ಮೂರೂವರೆಗೆ ಅಂಗಡಿಯ ಮುಂದೆ ಜೀಪು ನಿಂತಿತು. ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಸಂದು: ಗಾಜಿನ ಪೆಟ್ಟಿಗೆ, ಬಾಗಿದ ದೀಪ, ಗೋಡೆಯ ತುಂಬ ಟಿಕ್‌ಟಿಕ್. ಕಣ್ಣಿಂದ ಭೂತಗನ್ನಡಿ ತೆಗೆಯುತ್ತ ಅವನು ಎದ್ದು ನಿಂತ. ಏಳುವಾಗ ಮೊಣಕಾಲಿನಿಂದ ಕೆಳಗಿನ ಡ್ರಾಯರನ್ನು ಮೆಲ್ಲಗೆ ತಳ್ಳಿದ್ದು ಅವಳ ಕಣ್ಣಿಗೆ ಬಿತ್ತು.

"ಅದನ್ನ ತೆಗೀರಿ."

"ಅದರಲ್ಲಿ ಹಳೇ ಸಾಮಾನು ಮೇಡಂ."

"ತೆಗೀರಿ."

ಡ್ರಾಯರಿನ ಹಿಂಬದಿಯಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ. ಬಟ್ಟೆಯೊಳಗೆ ಹೆಂಗಸರ ಸಣ್ಣ ಕೈಗಡಿಯಾರ, ಕೀಲಿ ಕೊಡುವಂಥ ಹಳೆಯ ಮಾದರಿ; ಗಾಜು ಹೊಸದು, ಪಟ್ಟಿ ಹೊಸದು. ಅದು ನಡೆಯುತ್ತಿತ್ತು. ಗೋಡೆಯ ಗಡಿಯಾರಗಳ ಜೊತೆ ಒಂದು ಕ್ಷಣವೂ ಹಿಂದುಮುಂದಿಲ್ಲದೆ ನಡೆಯುತ್ತಿತ್ತು.

ಇನ್‌ಸ್ಪೆಕ್ಟರ್ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಒಂದೇ ಮಾತು: "ಯಾರದು?"

"ಗೊತ್ತಾಗೇ ಬಂದಿದ್ದೀರಿ." ಅವನು ಸ್ಟೂಲಿನ ಮೇಲೆ ಕೂತ. "ಗಾಜು ಒಡೆದಿತ್ತು, ಹಾಕ್ಸೋಕೆ ಬಂದಿದ್ಲು. ಹತ್ತು ನಿಮಿಷ ಬಿಟ್ಟು ಬಾ ಮಗಳೇ ಅಂದೆ. ರಸ್ತೆ ದಾಟ್ತಾ ಇದ್ಲು. ಸದ್ದು ಕೇಳಿ ಓಡಿದೆ. ತಲೆ ಎತ್ತಿ ಹಿಡ್ಕೊಂಡೆ. ಅಷ್ಟೇ ನಾನು ಮಾಡಿದ್ದು."

"ವಾಚು ಯಾಕೆ ಕೊಡ್ಲಿಲ್ಲ?"

"ಮೂರನೇ ದಿನ ಕೊಡೋಣ ಅಂತ ಹೊರಟಿದ್ದೆ. ದಾರಿಯಲ್ಲೇ ನಿಮ್ಮವರು ಹಿಡಿದ್ರು. ವಾಚು ಎಲ್ಲಿ, ವಾಚು ಎಲ್ಲಿ ಅಂತ ಕೇಳಿದ್ರು. ಅದು ಜೇಬಿನಲ್ಲೇ ಇತ್ತು. ಬಾಯಿ ಬರಲಿಲ್ಲ ನಂಗೆ. ಆ ದಿನ ಬಾರದ ಬಾಯಿ ಆಮೇಲೂ ಬರಲಿಲ್ಲ."

"ಜೇಬು ನೋಡಲಿಲ್ವಾ ಅವರು?"

"ವಾಚು ರಿಪೇರಿಯವನ ಜೇಬಿನಲ್ಲಿ ವಾಚಿದ್ರೆ ಯಾರು ನೋಡ್ತಾರೆ ಮೇಡಂ? ಐದಿತ್ತು ಜೇಬಿನಲ್ಲಿ."

ಇದು ನಿಜವೋ, ಹನ್ನೊಂದು ವರ್ಷ ಉಜ್ಜಿ ಉಜ್ಜಿ ಹೊಳಪು ಕೊಟ್ಟ ಸುಳ್ಳೋ? ಅವನ ಮುಖ ನೋಡಿದಳು. ಎರಡು ದಿನದಿಂದ ಆ ಮುಖವನ್ನು ಎಷ್ಟು ಕಡೆ ನೋಡಿದ್ದಳೆಂದರೆ, ಅದರಲ್ಲಿ ಏನನ್ನೂ ಓದುವುದಕ್ಕೆ ಆಗಲಿಲ್ಲ. ಮೇಷ್ಟ್ರ ಪೆನ್ಸಿಲ್ಲು ತನ್ನ ಕಣ್ಣಿನೊಳಗೂ ಗೆರೆ ಎಳೆದುಬಿಟ್ಟಿದೆ ಎನ್ನಿಸಿ ಅವಳಿಗೆ ಭಯವಾಯಿತು. ಮುಖ ಬಿಟ್ಟು ಡಬ್ಬಿಯ ಕಡೆ ನೋಡಿದಳು. ವಾಚಿನ ಪಟ್ಟಿಗೆ ದಾರದಲ್ಲಿ ಕಟ್ಟಿದ ಹಳದಿ ಚೀಟಿಯ ಅರ್ಧ ಇತ್ತು. ಸಂಖ್ಯೆ ಆರುನೂರ ಹದಿನಾಲ್ಕು. 'ಗಾಜು, ಪಟ್ಟಿ. 5.20.' ಇನ್ನರ್ಧ ಹರಿದು ಗಿರಾಕಿಗೆ ಕೊಡುವುದು ಅಂಗಡಿಯ ರೂಢಿ.

"ಇದರ ಇನ್ನರ್ಧ?"

"ಅವಳಿಗೆ ಕೊಟ್ಟಿದ್ದೆ. ಏನಾಯ್ತೋ ದೇವರಿಗೇ ಗೊತ್ತು."

ದೇವರಿಗಷ್ಟೇ ಅಲ್ಲ, ಮುದ್ದೆಮಾಲು ಕೋಣೆಗೂ ಗೊತ್ತಿತ್ತು. ಪ್ರಕರಣಗಳಲ್ಲಿ ಸಿಕ್ಕ ವಸ್ತುಗಳನ್ನು ಸೀಲು ಹಾಕಿ ಇಡುವ ಆ ಕೋಣೆಯಲ್ಲಿ, ಯಾರೂ ಬಿಡಿಸಿಕೊಂಡು ಹೋಗದ ಒಂದು ಸಣ್ಣ ಕೈಚೀಲ ಹನ್ನೊಂದು ವರ್ಷದಿಂದ ಕೂತಿತ್ತು. ಐದು ಗಂಟೆಗೆ ಪಂಚರ ಮುಂದೆ ಸೀಲು ಒಡೆದರು. ಬಾಚಣಿಗೆ, ಬಸ್ ಪಾಸು, ಒಂದು ಹಳದಿ ಚೀಟಿ. ಅಂದಿನ ಪಟ್ಟಿಯಲ್ಲೂ ಬರೆದಿತ್ತು: 'ಹಳದಿ ಚೀಟಿ, ಒಂದು.' ಅದೇನೆಂದು ಯಾರೂ ಕೇಳಿರಲಿಲ್ಲ.

ಇನ್‌ಸ್ಪೆಕ್ಟರ್ ಎರಡು ಅರ್ಧಗಳನ್ನು ಮೇಜಿನ ಮೇಲೆ ಹತ್ತಿರ ತಂದಳು. ಹರಿದ ಅಂಚುಗಳು ಎರಡು ಅಂಗೈಗಳ ಹಾಗೆ ಕೂಡಿಕೊಂಡವು.

*

ಬುಧವಾರ ಒಂಬತ್ತಕ್ಕೆ ಲಾಂಡ್ರಿಯ ಹೆಂಗಸು ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ ಮಾತಾಡಿದಳು.

"ಗಾಡಿ ಓಡಿಸ್ತಿದ್ದವನ ಮುಖ ನೋಡಿದ್ರಾ?"

"ಎಲ್ಲಿಂದ ನೋಡ್ಲಿ ತಾಯಿ? ಗಾಳಿ ಬಂದಂಗೆ ಬಂತು, ಹೋಯ್ತು."

"ಮತ್ತೆ ಚಿತ್ರಕ್ಕೆ ಯಾವ ಮುಖ ಹೇಳಿದ್ರಿ?"

"ನೋಡಿದ ಮುಖ ಹೇಳಿದೆ. ಮಗೂ ಮೇಲೆ ಬಗ್ಗಿತ್ತಲ್ಲ, ಆ ಮುಖ. ನಾನು ಆ ಬೀದೀಲಿ ಅಂಗಡಿ ಇಟ್ಟು ನಾಲ್ಕೇ ದಿನ ಆಗಿತ್ತು, ವಾಚಿನವನು ಅಂತ ಗುರುತಿರಲಿಲ್ಲ."

"ಅವನು ಎತ್ತೋಕೆ ಬಂದವನು ಅಂತ ಯಾಕೆ ಹೇಳ್ಲಿಲ್ಲ?"

"ಮೇಷ್ಟ್ರು ಕೇಳಿದ್ದು ಕಣ್ಣು ಹೇಗಿತ್ತು, ಗದ್ದ ಹೇಗಿತ್ತು ಅಂತ. ಆ ಮುಖ ಅಲ್ಲೇನು ಮಾಡ್ತಿತ್ತು ಅಂತ ಯಾರೂ ಕೇಳ್ಲಿಲ್ಲ." ಇಸ್ತ್ರಿ ಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಹೋಗಿ ಬಂತು. "ಅವತ್ತು ರಸ್ತೆ ದಾಟಿ ಅವಳು ನನ್ನ ಅಂಗಡಿಗೇ ಬರ್ತಿದ್ಲು ತಾಯಿ. ಅಪ್ಪನ ಅಂಗಿ ತಗೊಂಡು ಹೋಗೋಕೆ."

*

ಹತ್ತು ಐವತ್ತಕ್ಕೆ ಅವರು ಹಳೆ ಮೇಷ್ಟ್ರ ಮನೆಯ ಮೆಟ್ಟಿಲು ಹತ್ತಿದರು. ಎರಡು ಕೋಣೆ. ಗೋಡೆಗಳ ಮೇಲೆ ಒಂದು ಚಿತ್ರವೂ ಇಲ್ಲ. ಕಿಟಕಿಯ ಬಳಿ ಮೇಜು. ಚಾಕುವಿನಿಂದ ಕೆತ್ತಿದ ಪೆನ್ಸಿಲುಗಳು ಉದ್ದದ ಪ್ರಕಾರ ಸಾಲಾಗಿದ್ದವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅವಳ ಹಿಂದೆ ದಫೇದಾರನನ್ನೂ ಕಂಪ್ಯೂಟರಮ್ಮನನ್ನೂ ನೋಡಿ, ಕುರ್ಚಿ ತೋರಿಸಿದರು.

"ಮೂರು ಜನ ಬಂದಿದ್ದೀರಿ. ಟೀ ಕುಡಿಯೋಕೆ ಬಂದದ್ದಲ್ಲ."

"ಅಲ್ಲ ಮೇಷ್ಟ್ರೇ. ಹಾಳೆಗಳನ್ನ ನೋಡಿದ್ವಿ."

"ಎಷ್ಟು ಸಿಕ್ತು?"

"ಇನ್ನೂರರಲ್ಲಿ ಐವತ್ತಮೂರು."

"ಒಟ್ಟು ಸಾವಿರದ ಎಂಬತ್ತು," ಎಂದರು ಅವರು, ತಪ್ಪು ತಿದ್ದುವ ದನಿಯಲ್ಲಿ. "ಹನ್ನೊಂದು ತಿಂಗಳು ಹಿಡೀತು. ಶಾಯಿಯ ಮೇಲೆ ಗೆರೆ ಹೋಗಬಾರದು ಅಂತ ಎಷ್ಟು ಎಚ್ಚರ ಇದ್ದೆ. ಕೈ ನಡುಗಿತು."

"ಯಾಕೆ ಮೇಷ್ಟ್ರೇ?"

ಅವರು ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡಿದರು. ಅದು ಅವರ ಮಾತು ಕೇಳದ ಪ್ರಾಣಿಯ ಹಾಗೆ ತನ್ನ ಪಾಡಿಗೆ ಅದುರುತ್ತಿತ್ತು.

"ನಾನು ಬರೆದರೆ ವಕೀಲರು ಕೇಳ್ತಿದ್ರು: ಇದನ್ನ ಬರೆದವನು ಯಾರು, ಅವನ ಮನಸ್ಸಿನಲ್ಲಿ ಏನಿತ್ತು ಅಂತ. ನನ್ನ ಮಗಳ ಕೇಸಿನಲ್ಲಿ ನಮ್ಮವರೇ ಅಂದ್ರಲ್ಲ, ಅಪ್ಪ ಬರೆದ ಚಿತ್ರ ನಂಬೋಕಾಗಲ್ಲ ಅಂತ. ಆಮೇಲೆ ಈ ಯಂತ್ರ ಬರುತ್ತೆ ಅಂದ್ರು. ಅದರ ಕೈ ನಡುಗಲ್ಲ, ಅದಕ್ಕೆ ಮಗಳಿಲ್ಲ, ಅದು ಬರೆದದ್ದನ್ನ ಯಾರೂ ಅನುಮಾನಿಸಲ್ಲ ಅಂದ್ರು. ಸರಿ, ನನ್ನ ಅನುಮಾನವನ್ನ ಆ ನಡುಗದ ಕೈಗೆ ಕೊಟ್ಟು ಹೋಗೋಣ ಅಂದ್ಕೊಂಡೆ. ಇವತ್ತಲ್ಲ ನಾಳೆ ಯಾವುದೋ ಒಂದು ಕೇಸಿನಲ್ಲಿ ಅವನು ಒಳಗೆ ಹೋಗ್ತಾನೆ. ಯಾವ ಕೇಸಾದ್ರೇನು?"

"ಅವನು ಕೊಂದವನಲ್ಲ."

"ವಾಚು?" ಮೇಷ್ಟ್ರ ದನಿ ಮೊದಲ ಸಲ ಏರಿತು. "ಅವಳ ಕೈಯಿಂದ ವಾಚು ಬಿಚ್ಚಿಕೊಂಡವನು ಯಾರು ಹಾಗಾದ್ರೆ?"

ಇನ್‌ಸ್ಪೆಕ್ಟರ್ ಪ್ಲಾಸ್ಟಿಕ್ ಲಕೋಟೆಯೊಳಗಿನ ಎರಡು ಅರ್ಧಗಳನ್ನು ಅವರ ಮುಂದಿಟ್ಟಳು. ಒಂದು ವಾಚಿನಿಂದ, ಒಂದು ಅವಳ ಕೈಚೀಲದಿಂದ ಎಂದಳು. ಲಾಂಡ್ರಿಯವಳು ಹೇಳಿದ್ದನ್ನೂ ಹೇಳಿದಳು. ಅಂಗಿಯ ಮಾತನ್ನು ಮಾತ್ರ ಹೇಳಲಿಲ್ಲ. ಅದು ತನಿಖೆಗೆ ಬೇಕಿರಲಿಲ್ಲ.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಸುಳ್ಳು ಎಲ್ಲಿದೆಯೆಂದು ಹುಡುಕುವವರಂತೆ, ಹರಿದ ಅಂಚಿನ ಒಂದೊಂದು ಹಲ್ಲನ್ನೂ ನೋಡುತ್ತ ಹೋದರು. ಗೆರೆಯ ವಿಷಯದಲ್ಲಿ ಅವರಿಗೆ ಮೋಸ ಮಾಡಲು ಯಾರಿಗೂ ಆಗುತ್ತಿರಲಿಲ್ಲ, ಅವರಿಗೂ ಕೂಡ. ಹೊರಗೆ ಯಾರೋ ನೀರು ತುಂಬಿಸುತ್ತಿದ್ದರು. ಕೊಡ ತುಂಬಿ ಹರಿದ ಸದ್ದು ಕೇಳಿತು.

"ಹೊಂದುತ್ತೆ," ಎಂದರು ಕೊನೆಗೆ.

ಹನ್ನೆರಡು ಹತ್ತಕ್ಕೆ ಬಂಧನದ ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕುವಾಗ ದಫೇದಾರ ಹಾಳೆ ಅಲುಗದ ಹಾಗೆ ಎರಡು ಬೆರಳಿಂದ ಹಿಡಿದುಕೊಂಡಿದ್ದ.

*

ಅಂದು ಮಧ್ಯಾಹ್ನ ಮೂರರ ಹೊತ್ತಿಗೆ ನದಿಯಾಚೆಯ ಠಾಣೆಯಿಂದ ಉತ್ತರ ಬಂತು: ಗುರುವಾರದ ಗುರುತು ಪರೇಡು ರದ್ದು, ತನಿಖೆ ಹೊಸದಾಗಿ. ಹೊಸ ಮೇಷ್ಟ್ರನ್ನು ಎಲ್ಲ ಠಾಣೆಗಳಲ್ಲೂ ನಿಲ್ಲಿಸಲು ಆದೇಶವಾಯಿತು. ಅದು ಈವರೆಗೆ ಎಷ್ಟು ಜನರನ್ನು ಬೆಂಚಿನ ಮೇಲೆ ಕೂರಿಸಿದೆ ಎಂಬ ಪಟ್ಟಿ ಮಾಡಲು ಇನ್ನೊಂದು ಆದೇಶ. ಕಂಪ್ಯೂಟರಮ್ಮ ಪರದೆ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸಿದಳು.

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಕಾರಣ ಬರೆಯುವ ಕಾಲಮಿಗೆ ಬಂದು ನಿಂತಳು. ದ್ವೇಷ ಎಂದು ಬರೆದು ಹೊಡೆದುಹಾಕಿದಳು. ನಂತರ ಬರೆದದ್ದು ಇಷ್ಟು: 'ಆರೋಪಿಯು ತನ್ನ ಕೈಯಾರೆ ಬರೆದ ಒಂದು ಚಿತ್ರವನ್ನು ಹನ್ನೊಂದು ವರ್ಷ ನಂಬಿದ್ದ. ಆ ಚಿತ್ರ ಸರಿಯಾಗಿಯೇ ಇತ್ತು. ಅವನ ಮಗಳನ್ನು ಕೊನೆಯದಾಗಿ ಎತ್ತಿ ಹಿಡಿದವನ ಮುಖ ಅದು.'

ವಾಚು ರಿಪೇರಿಯವನು ಹೇಳಿಕೆಗೆ ಸಹಿ ಹಾಕಲು ನಾಲ್ಕಕ್ಕೆ ಬಂದ. ಅವಳು ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಇವನು ಯಾವ ಪ್ರಕರಣದಲ್ಲೂ ಅಪರಾಧಿಯಲ್ಲ, ಇಲಾಖೆಯಿಂದ ಇವನಿಗೆ ಅನ್ಯಾಯವಾಗಿದೆ ಎಂದು ತನ್ನ ಕೈಯಲ್ಲೇ ಬರೆದು ಸೀಲು ಹಾಕಿದ್ದಳು. ಅವನು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ಕುತ್ತಿಗೆಗಲ್ವಾ?" ಎಂದ ದಫೇದಾರ.

"ಮಳೆ ಬಂದ್ರೆ ನೆನೆಯುತ್ತಲ್ಲ ಸ್ವಾಮಿ."

"ಆ ಬೆಂಚಿನ ಮೇಲೆ ಒಂಬತ್ತು ಗಂಟೆ ಕೂರಿಸಿದ್ದೆ ನಿಮ್ಮನ್ನ," ಎಂದಳು ಅವಳು. "ತಪ್ಪಾಯ್ತು."

ಅವನು ತಲೆಯಾಡಿಸಿದ. ಆಮೇಲೆ ಕೇಳಿದ: "ಅವರು ಎಲ್ಲಿದ್ದಾರೆ?"

ಮೇಷ್ಟ್ರು ಒಳಕೋಣೆಯಲ್ಲಿ, ಕೋರ್ಟಿಗೆ ಹೊರಡುವ ಜೀಪಿಗಾಗಿ ಕಾಯುತ್ತ ಕೂತಿದ್ದರು. ಕೈಗಳು ಮಡಿಲಲ್ಲಿದ್ದವು. ವಾಚು ಈ ಪ್ರಕರಣಕ್ಕೆ ಸೇರಿದ ವಸ್ತುವಲ್ಲ, ವಾರಸುದಾರರಿಗೆ ತಲುಪಿಸತಕ್ಕದ್ದು ಎಂದು ಇನ್‌ಸ್ಪೆಕ್ಟರ್ ನಿನ್ನೆಯೇ ಪಂಚನಾಮೆಯಲ್ಲಿ ಬರೆಸಿ, ಅವನ ಬಳಿಯೇ ಬಿಟ್ಟಿದ್ದಳು. ಅವಳು ಬಾಗಿಲಲ್ಲೇ ನಿಂತಳು.

ಅವನು ಹೋಗಿ ಮೇಷ್ಟ್ರ ಎದುರಿನ ಮೇಜಿನ ಮೇಲೆ ತಗಡಿನ ಡಬ್ಬಿಯನ್ನಿಟ್ಟು ಮುಚ್ಚಳ ತೆಗೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಣ್ಣ ಸದ್ದೊಂದು ಕೋಣೆಯಲ್ಲಿ ನಡೆಯತೊಡಗಿತು.

"ಹತ್ತು ನಿಮಿಷ ಅಂದಿದ್ದೆ," ಎಂದ ಅವನು. "ದಿನಾ ಬೆಳಿಗ್ಗೆ ಕೀಲಿ ಕೊಟ್ಟಿದ್ದೀನಿ. ಒಂದು ದಿನವೂ ನಿಂತಿಲ್ಲ."

ಮೇಷ್ಟ್ರು ವಾಚನ್ನು ಎತ್ತಿ ಕಿವಿಗೆ ಹಿಡಿದರು. ಹೆಂಡತಿಯದೂ ಮಗಳದೂ ಆಗಿದ್ದ ಆ ವಾಚಿನ ಹೊಸ ಪಟ್ಟಿ ಗಾಳಿಯಲ್ಲಿ ಸಣ್ಣಗೆ ಅಲುಗಿತು.

ವಾಚು ರಿಪೇರಿಯವನು ಅಂಗಡಿಯ ರೂಢಿಯಂತೆ ಚೀಟಿಗಾಗಿ ಕೈ ಚಾಚಿದ. ಚಾಚಿದ್ದು ತನಗೇ ತಿಳಿದು, ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಹೊರಗೆ ಸೈಕಲ್ಲಿನ ಕಡೆ ಹೋದ.